ಪ್ರಯಾಣಿಕರ ಗಮನಕ್ಕೆ

ಜೂನ್ 11

ಮೇಡಂ ಅವರಿಗೆ ವಂದನೆಗಳು.

ನಾನು ನಿಮಗೆ ನೆನಪಿರಲಿಕ್ಕಿಲ್ಲ. ಹೋದ ವರ್ಷ ಮಗಳನ್ನು ಕಾಲೇಜಿಗೆ ಬಿಡಲು ಬಂದ ದಿನ, ನಿಮ್ಮ ಸಭಾಂಗಣದಲ್ಲಿ ಮೈಕು ಕಿರ್ರೆಂದು ಕೂಗಿಕೊಂಡಾಗ, ಹಿಂದಿನ ಸಾಲಿನಿಂದ ಎದ್ದು ಬಂದು, "ಮೈಕನ್ನ ನುಂಗೋ ಹಾಗೆ ಹಿಡ್ಕೋಬೇಡಿ ಮೇಡಂ, ಒಂದು ಗೇಣು ದೂರ ಇಟ್ಕೊಳ್ಳಿ" ಎಂದು ನಿಮಗೇ ಪಾಠ ಹೇಳಿದ ಅಧಿಕಪ್ರಸಂಗಿ ನಾನು. ನಮ್ಮ ಊರಿನ ಬಸ್ ನಿಲ್ದಾಣದ ಅನೌನ್ಸರ್. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗಿ ಕೂಗಿಯೇ ಕೂದಲು ಹಣ್ಣಾಯಿತು.

ಆ ದಿನ ನೀವು, "ಕ್ಲಾಸಿನ ಒಳಗಿನದು ಮೇಷ್ಟ್ರುಗಳಿಗೆ, ಹೊರಗಿನದೆಲ್ಲ ನನಗೆ. ವಿದ್ಯಾರ್ಥಿ ಕ್ಷೇಮಾಧಿಕಾರಿ ಅಂದ್ರೆ ಅಷ್ಟೇ" ಎಂದಿರಿ. ಆ ಮಾತನ್ನು ನಂಬಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಗಂಟಲಿನಲ್ಲಿ ಒಂದು ಗಂಟು ಸಿಕ್ಕಿದೆ. ಬರುವ ವಾರ ಆಪರೇಷನ್. ಜೀವಕ್ಕೆ ಸದ್ಯ ಏನಿಲ್ಲವಂತೆ, ದನಿ ಮಾತ್ರ ಹೋಗುತ್ತದೆ. ನಿಲ್ದಾಣದ ಮ್ಯಾನೇಜರು ಒಳ್ಳೆಯವರು. ಅದಕ್ಕೆ ಮೊದಲೇ ನನ್ನನ್ನು ಕೂರಿಸಿ ಎಲ್ಲ ಬಸ್ಸುಗಳ ಪ್ರಕಟಣೆಯನ್ನೂ ರೆಕಾರ್ಡ್ ಮಾಡಿಸಿಕೊಂಡರು. ಇನ್ನು ನಾನು ಮನೆಯಲ್ಲಿ ಕಾಲು ಚಾಚಿ ಮಲಗಿರುತ್ತೇನೆ, ನನ್ನ ಗಂಟಲು ಅಲ್ಲಿ ಡ್ಯೂಟಿ ಮಾಡುತ್ತಿರುತ್ತದೆ. ಇಂಥ ನೌಕರಿ ಯಾರಿಗೆ ಸಿಗುತ್ತದೆ ಹೇಳಿ.

ನನ್ನ ಮಗಳಿಗೆ ಇದು ಯಾವುದೂ ಗೊತ್ತಿಲ್ಲ. ಪಿಟೀಲು ಎಂದು ಕರೆಯುತ್ತೇನೆ ಅವಳನ್ನು. ಹಸುಗೂಸಾಗಿದ್ದಾಗ ಒಂದೇ ತಂತಿಯ ಮೇಲೆ ಅಳುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಗೊತ್ತಾದರೆ ಓದು ಬಿಟ್ಟು ಬಂದು ನನ್ನ ಮಂಚದ ಪಕ್ಕ ಕೂತುಬಿಡುತ್ತಾಳೆ. ನವೆಂಬರ್‌ನಲ್ಲಿ ಅವಳ ಪರೀಕ್ಷೆ. ಅದು ಮುಗಿಯುವವರೆಗೆ ದಯವಿಟ್ಟು ಅವಳಿಗೆ ಹೇಳಬೇಡಿ. ಫೋನ್ ಎತ್ತುವುದನ್ನು ಈಗಲೇ ನಿಲ್ಲಿಸಿದ್ದೇನೆ, ದನಿ ಒಡೆದಿದೆ. ಡಬಲ್ ಡ್ಯೂಟಿ ಎಂದು ಮೆಸೇಜು ಹಾಕುತ್ತೇನೆ. ನನ್ನ ದಪ್ಪ ಬೆರಳಿಗೆ ಒಂದು ಸಾಲು ಒತ್ತುವಷ್ಟರಲ್ಲಿ ಬಸ್ಸೇ ಹೊರಟುಹೋಗಿರುತ್ತದೆ, ಅದಕ್ಕೇ ನಿಮಗೆ ಕಾಗದ. ಅವಳ ಹೆಸರು, ತರಗತಿ ಈ ಕಾಗದದ ಬೆನ್ನಿಗೆ ಬರೆದಿದ್ದೇನೆ. ಅವಳ ಮೇಲೆ ಒಂದು ಕಣ್ಣಿಟ್ಟಿರಿ. ಹೇಗಿದ್ದಾಳೆ ಎಂದು ಎರಡು ಸಾಲು ಬರೆಯಿರಿ.

ಇತಿ,
ಪಿಟೀಲಿನ ಅಪ್ಪ

*

ಜೂನ್ 20
(ಬರೆದು ಮೇಜಿನ ಖಾನೆಯಲ್ಲಿಟ್ಟದ್ದು)

ನಿಮ್ಮ ಪತ್ರ ಓದಿದೆ. ಇದನ್ನು ನಿಮಗೆ ಕಳಿಸುವುದಿಲ್ಲ. ಆದರೂ ಎಲ್ಲಾದರೂ ಒಂದು ಕಡೆ ನಿಜ ಬರೆಯದಿದ್ದರೆ ನನಗೆ ನಿಮಗೆ ಕಳಿಸಬೇಕಾದ ಪತ್ರ ಬರೆಯಲು ಆಗುವುದಿಲ್ಲ.

ನಿಮ್ಮ ಮಗಳು ತರಗತಿಗೆ ಹೋಗುತ್ತಿಲ್ಲ. ಫೆಬ್ರವರಿಯಿಂದ. ಎಲ್ಲರೆದುರು ನಿಂತು ಸೆಮಿನಾರ್ ಕೊಡಬೇಕಿತ್ತು, ನಿಂತಳು, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಯಾರೋ ಹಿಂದೆ ನಕ್ಕರು. ಅಷ್ಟೇ. ಮರುದಿನದಿಂದ ಹೋಗಲಿಲ್ಲ. ಹೊರಗಿನವರಿಗೆ ಇದು ಕ್ಷುಲ್ಲಕ ಅನ್ನಿಸುತ್ತದೆ. ಇಂಥದ್ದಕ್ಕೇ ಮಕ್ಕಳು ಮುಳುಗುವುದನ್ನು ನಾನು ಈ ಕುರ್ಚಿಯಲ್ಲಿ ಕೂತು ಸಾಕಷ್ಟು ನೋಡಿದ್ದೇನೆ.

ಹೆಸರು ಹೊಡೆದುಹಾಕುವುದರಲ್ಲಿದ್ದರು. ನಾನು ಹೋಗಿ ಜಗಳವಾಡಿ ಅದನ್ನು ಒಂದು ವರ್ಷದ ಬಿಡುವು ಎಂದು ಮಾಡಿಸಿದ್ದೇನೆ. ಸೀಟು ಹಾಗೇ ಇದೆ. ಈಗ ಅವಳು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತನ್ನ ಸಹಪಾಠಿಗಳ ನೋಟ್ಸನ್ನೇ ಪ್ರತಿ ಮಾಡಿ ಕೊಡುತ್ತಾಳೆ. ಗುರುವಾರ ಗುರುವಾರ ನನ್ನ ಕೋಣೆಗೆ ಬಂದು ಕೂರುತ್ತಾಳೆ. ನಾನು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿಸಿದ್ದೇನೆ; ಎದುರುಬದುರು ಕೂತರೆ ಮಕ್ಕಳು ಬಾಯಿ ಬಿಡುವುದಿಲ್ಲ.

"ಅಪ್ಪಂಗೆ ಹೇಳ್ಬೇಡಿ ಮೇಡಂ, ನಾನೇ ಹೇಳ್ತೀನಿ" ಎಂದು ಮಾತು ತೆಗೆದುಕೊಂಡಿದ್ದಾಳೆ. ಹದಿನೆಂಟು ದಾಟಿದವಳು, ಅವಳ ಒಪ್ಪಿಗೆಯಿಲ್ಲದೆ ಅವಳ ಓದಿನ ವಿಷಯ ನಾನು ಮನೆಯವರಿಗೆ ಹೇಳುವಂತಿಲ್ಲ. ಇಂದು ನೀವೂ ಮಾತು ತೆಗೆದುಕೊಂಡಿರಿ. ಯಾವ ಪರೀಕ್ಷೆ ಕೆಡಬಾರದೆಂದು ನೀವು ಸುಮ್ಮನಿದ್ದೀರೋ ಆ ಪರೀಕ್ಷೆಯೇ ಇಲ್ಲ. ಇದನ್ನು ಇಬ್ಬರಲ್ಲಿ ಒಬ್ಬರಿಗೂ ಹೇಳುವ ಅಧಿಕಾರ ನನಗಿಲ್ಲ.

*

ಜೂನ್ 20
(ಕಳಿಸಿದ್ದು)

ಮಾನ್ಯರೇ,

ಮೈಕಿನ ಪಾಠ ಚೆನ್ನಾಗಿ ನೆನಪಿದೆ. ಈಗಲೂ ಒಂದು ಗೇಣು ದೂರವೇ ಹಿಡಿಯುತ್ತೇನೆ.

ನಿಮ್ಮ ಮಗಳನ್ನು ನಿನ್ನೆ ಕಂಡೆ. ಆರೋಗ್ಯವಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ನಿಮ್ಮ ವಿಷಯ ನನ್ನಲ್ಲೇ ಇರುತ್ತದೆ. ಒಂದೇ ಮಾತು: ಮಕ್ಕಳು ನಾವಂದುಕೊಂಡದ್ದಕ್ಕಿಂತ ಗಟ್ಟಿ. ಸಾಧ್ಯವಾದರೆ ನೀವೇ ಅವಳಿಗೆ ಬರೆಯಿರಿ.

ಆಪರೇಷನ್ ಸುಸೂತ್ರವಾಗಿ ಆಗಿರಲಿ.

ವಿದ್ಯಾರ್ಥಿ ಕ್ಷೇಮಾಧಿಕಾರಿ

*

ಜುಲೈ 28

ಮೇಡಂ,

ಆಪರೇಷನ್ ಆಯಿತು. ದನಿ ಹೋಯಿತು. ಹೋಗುವಾಗ ಹೇಳಿಯೂ ಹೋಗಲಿಲ್ಲ. ಅರಿವಳಿಕೆ ಕೊಟ್ಟಾಗ ಇತ್ತು, ಎಚ್ಚರವಾದಾಗ ಇರಲಿಲ್ಲ. ನನ್ನನ್ನು ನೋಡಿಕೊಳ್ಳಲು ಅಕ್ಕ ಬಂದಿದ್ದಾಳೆ. ಮಕ್ಕಳು ಬರೆಯುವಂಥ ಒಂದು ಹಲಗೆ, ಬಳಪ ತಂದುಕೊಟ್ಟಿದ್ದಾಳೆ. ನಾನು ಬರೆಯುವುದು, ಅವಳು ಓದುವುದು. ಅವಳಿಗೆ ಕನ್ನಡಕ ಸಿಗುವ ಹೊತ್ತಿಗೆ ನನ್ನ ಬಾಯಾರಿಕೆಯೇ ಹೋಗಿರುತ್ತದೆ. ಇಡೀ ಆಯಸ್ಸು ಅವಳು ಮಾತಾಡಿದಾಗ ನಾನು ಅಡ್ಡ ಬಾಯಿ ಹಾಕಿದವನು, ಈಗ ಅವಳಿಗೆ ಸುಗ್ಗಿ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ ಎಂದಿರಿ ನೋಡಿ, ಅಷ್ಟು ಸಾಕು ನನಗೆ. ಓದಿಗೆ ಕೂತಾಗಲೇ ಅವಳಿಗೆ ಹಸಿವಾಗುವುದು. ಊಟ ಸರಿ ಇದೆ ಎಂದರೆ ಓದೂ ಸರಿ ಇದೆ ಎಂದೇ ಅರ್ಥ. ಅಕ್ಕನಿಗೂ ಹಲಗೆಯಲ್ಲಿ ಬರೆದು ತೋರಿಸಿದೆ. ಅವಳು "ನೀನು ಬಿಡು, ಕಲ್ಲು ತೋರಿಸಿದ್ರೂ ಮಗಳು ಬುದ್ಧಿವಂತೆ ಅಂತೀಯ" ಎಂದಳು.

ಮಗಳಿಗೆ ಬರೆಯಿರಿ ಎಂದಿದ್ದೀರಿ. ಬರೆದರೆ ಸುಳ್ಳು ಬರೆಯಬೇಕು. ಮೆಸೇಜಿನಲ್ಲಾದರೆ ಎರಡೇ ಪದ, ಸುಳ್ಳು ಚಿಕ್ಕದಾಗುತ್ತದೆ.

ಸಂಜೆ ನಿಧಾನವಾಗಿ ನಿಲ್ದಾಣದವರೆಗೆ ನಡೆದು ಬೆಂಚಿನ ಮೇಲೆ ಕೂರುತ್ತೇನೆ. ನನ್ನ ದನಿ ಮೇಲಿನಿಂದ ಕೇಳುತ್ತದೆ. ಪ್ರಯಾಣಿಕರ ಗಮನಕ್ಕೆ ಎಂದು ಅದು ಶುರು ಮಾಡಿದರೆ ನಾನೂ ಎಲ್ಲರಂತೆ ತಲೆ ಎತ್ತುತ್ತೇನೆ. ಅಳು ಬರುತ್ತದೆ ಮೇಡಂ, ಯಾಕೆ ಸುಳ್ಳು ಹೇಳಲಿ. ಆಮೇಲೆ ಪಕ್ಕದಲ್ಲಿ ಕೂತವರು ಇದು ಬಸ್ಸು ತಪ್ಪಿದವನ ಅಳು ಎಂದು ತಿಳಿದು ಸಮಾಧಾನ ಮಾಡುತ್ತಾರೆ.

ಪಿಟೀಲಿನ ಅಪ್ಪ

*

ಆಗಸ್ಟ್ 8

ಮಾನ್ಯರೇ,

ನೀವು ಚೇತರಿಸಿಕೊಳ್ಳುತ್ತಿರುವುದು ಸಂತೋಷ.

ನನ್ನ ಹಿಂದಿನ ಪತ್ರದಲ್ಲಿ ನಾನು ಬರೆದಿದ್ದು ಊಟದ ವಿಷಯ ಮಾತ್ರ. ಓದಿನ ಬಗ್ಗೆ ನಾನು ಏನನ್ನೂ ಹೇಳಿರಲಿಲ್ಲ, ಹೇಳಲು ನಿಯಮವೂ ಬಿಡುವುದಿಲ್ಲ. ದಯವಿಟ್ಟು ಅದನ್ನು ಗಮನಿಸಿ.

ಒಂದು ಕೋರಿಕೆ. ನಿಮ್ಮ ಆಪರೇಷನ್ ವಿಷಯವನ್ನು ಮಗಳಿಗೆ ತಿಳಿಸಲು ನನಗೆ ಅನುಮತಿ ಕೊಡಿ. ನೀವು ಫೋನ್ ಎತ್ತದಿರುವುದರಿಂದ ಅವಳು ಏನೇನೋ ಅಂದುಕೊಳ್ಳಬಹುದು. ಮನುಷ್ಯರು ಸುಮ್ಮನಿದ್ದರೆ ಎದುರಿನವರು ಆ ಜಾಗವನ್ನು ತಮ್ಮ ಭಯದಿಂದ ತುಂಬಿಸಿಕೊಳ್ಳುತ್ತಾರೆ. ನನ್ನ ಕೆಲಸದಲ್ಲಿ ಅದನ್ನೇ ದಿನವೂ ನೋಡುತ್ತೇನೆ.

ವಿದ್ಯಾರ್ಥಿ ಕ್ಷೇಮಾಧಿಕಾರಿ

*

ಆಗಸ್ಟ್ 8
(ಖಾನೆಯಲ್ಲಿಟ್ಟದ್ದು)

ನಿನ್ನೆ ಅವಳು ಹೇಳಿದ್ದು ಇದು: "ಅಪ್ಪಂಗೆ ಗೊತ್ತಾಗಿದೆ ಮೇಡಂ. ದಿನವಿಡೀ ಊರಿಗೆಲ್ಲ ಮಾತಾಡೋ ಮನುಷ್ಯ, ಕೋಪ ಬಂದ್ರೆ ಮಾತ್ರ ತುಟಿ ಬಿಚ್ಚಲ್ಲ. ನಾನು ಚಿಕ್ಕವಳಿದ್ದಾಗ ಒಂದು ಸಲ ಸುಳ್ಳು ಹೇಳಿದ್ದಕ್ಕೆ ಎಷ್ಟೋ ದಿನ ಮಾತು ಬಿಟ್ಟಿದ್ರು. ಈಗ್ಲೂ ಹಾಗೇ."

ಇಲ್ಲ ಕಣಮ್ಮ, ಅವರಿಗೆ ದನಿಯೇ ಇಲ್ಲ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಜನವರಿಯಲ್ಲಿ ಅವಳನ್ನು ಮತ್ತೆ ತರಗತಿಗೆ ಸೇರಿಸಿಕೊಳ್ಳಲು ಒಪ್ಪಿಸಿದ್ದೇನೆ, ಸಹಿ ಆಗುವುದು ಬಾಕಿ. ಅದು ಕೈಗೆ ಬಂದರೆ ಅವಳು ತಲೆ ಎತ್ತಿ ಊರಿಗೆ ಹೋಗಬಹುದು, ನಿಮಗೂ ಅಷ್ಟು ಹೊತ್ತಿಗೆ ಗುಣವಾಗಿರುತ್ತದೆ ಎಂಬ ಲೆಕ್ಕ ನನ್ನದು. ತಾಳ್ಮೆಯೇ ನಮ್ಮ ಕಸುಬು. ನನ್ನ ತಂಗಿ "ಅಲ್ಲಾ, ನೀನು ಅಲ್ಲಿ ಮಾಡೋದಾದ್ರೂ ಏನು" ಎಂದು ಕೇಳುತ್ತಿರುತ್ತಾಳೆ. ಕಾಯುತ್ತೇನೆ ಎನ್ನುತ್ತೇನೆ.

*

ಸೆಪ್ಟೆಂಬರ್ 30

ಮೇಡಂ,

ಉತ್ತರ ತಡವಾಯಿತು. ಮತ್ತೆ ಆಸ್ಪತ್ರೆಯಲ್ಲಿದ್ದೆ. ಗಂಟಲಿಂದ ಅದು ಕೆಳಗಿಳಿದಿದೆಯಂತೆ. ಡಾಕ್ಟರು ಚಿಕ್ಕ ಹುಡುಗ, ಹೇಳಲಾರದೆ ಒದ್ದಾಡುತ್ತಿದ್ದ. ನಾನೇ ಹಲಗೆಯಲ್ಲಿ, "ಬಸ್ಸು ಯಾವಾಗ ಹೊರಡುತ್ತೆ, ಅಷ್ಟು ಹೇಳಿ" ಎಂದು ಬರೆದು ತೋರಿಸಿದೆ. ಪಾಪ, ಆಚೆ ಹೋಗಿ ಅತ್ತನಂತೆ. ವರ್ಷ ದಾಟುವುದು ಕಷ್ಟ ಎಂದು ಅಕ್ಕನಿಗೆ ಹೇಳಿದ್ದಾನೆ.

ಅನುಮತಿ ಕೇಳಿದ್ದಿರಿ. ಬೇಡ. ವರ್ಷ ಎಂದರೆ ಡಿಸೆಂಬರ್, ಪರೀಕ್ಷೆ ನವೆಂಬರ್. ಸಮಯ ಇದೆ. ಪರೀಕ್ಷೆ ಮುಗಿಸಿ ಬರಲಿ, ಒಂದು ತಿಂಗಳು ನನ್ನ ಜೊತೆ ಇರಲಿ, ನನಗೆ ಅಷ್ಟು ಸಾಕು. ನನ್ನಿಂದ ಅವಳದೊಂದು ವರ್ಷ ಹಾಳಾದರೆ ನನಗೆ ನೆಮ್ಮದಿಯಿಂದ ಹೋಗಲು ಆಗುವುದಿಲ್ಲ.

ಅವಳು ಏನೇನೋ ಅಂದುಕೊಳ್ಳುತ್ತಾಳೆ ಎಂದಿರಿ. ನನ್ನ ಮಗಳು ನನ್ನನ್ನು ತಪ್ಪು ತಿಳಿಯುವವಳಲ್ಲ. ನೀವು ಊಟದ ಬಗ್ಗೆ ಮಾತ್ರ ಬರೆದೆ ಎಂದು ಒತ್ತಿ ಹೇಳಿದಿರಿ. ನಿಯಮ ಇದೆ, ನೀವು ಬಾಯಿ ಬಿಟ್ಟು ಹೊಗಳುವಂತಿಲ್ಲ, ಅರ್ಥವಾಯಿತು. ನಮ್ಮಲ್ಲೂ ಹಾಗೇ, ಬಸ್ಸು ಹೊತ್ತಿಗೆ ಬಂದರೆ ಯಾರೂ ಅನೌನ್ಸ್ ಮಾಡುವುದಿಲ್ಲ.

ಪಿಟೀಲಿನ ಅಪ್ಪ

*

ಅಕ್ಟೋಬರ್ 14

ಮಾನ್ಯರೇ,

ನಿಮ್ಮ ಪತ್ರ ಓದಿ ತುಂಬ ಸಂಕಟವಾಯಿತು.

ನಿಮ್ಮ ಮಾತನ್ನು ಮೀರಿಲ್ಲ. ಆದರೆ ಇವತ್ತು ನಿಮ್ಮ ಮಗಳಿಗೆ, "ಒಂದ್ಸಲ ಊರಿಗೆ ಹೋಗಿ ಬಾ. ಯಾಕೆ ಅಂತ ಕೇಳ್ಬೇಡ, ಅಪ್ಪನ್ನ ನೋಡ್ಕೊಂಡು ಬಾ" ಎಂದು ಹೇಳಿದ್ದೇನೆ. ಕೊನೆಗೆ ಹೂಂ ಎಂದಳು. ಈ ವಾರದ ಕೊನೆಗೆ ಹೊರಡಬಹುದು. ಅವಳು ಬಾಗಿಲಲ್ಲಿ ನಿಂತಾಗ ದಯವಿಟ್ಟು ಬಯ್ಯಬೇಡಿ, ಓದಿನ ವಿಷಯ ಕೇಳಬೇಡಿ. ಸುಮ್ಮನೆ ಹತ್ತಿರ ಕೂರಿಸಿಕೊಳ್ಳಿ.

ವಿದ್ಯಾರ್ಥಿ ಕ್ಷೇಮಾಧಿಕಾರಿ

*

ಅಕ್ಟೋಬರ್ 24

ಮೇಡಂ,

ಅಕ್ಷರ ಅಡ್ಡಾದಿಡ್ಡಿ ಆಗಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಇವತ್ತು ತಲುಪಿತು. ವಾರದ ಕೊನೆಗೆ ಎಂದಿದ್ದಿರಿ. ಆ ಶನಿವಾರ ಕಳೆದೇಹೋಗಿದೆ, ಅವಳು ಬಂದಿಲ್ಲ. ಅಕ್ಕ ಅವಳ ಹಾಸಿಗೆಯ ಹೊದಿಕೆ ಒಗೆದು ಹಾಕಿದ್ದಾಳೆ, ಈ ವಾರ ಬರಬಹುದೇನೋ ಎಂದು.

ಒಂದು ತಮಾಷೆ ಕೇಳಿ. ನಿಲ್ದಾಣದಲ್ಲಿ ಟಿಕೆಟ್ ಕೊಡುವವನು ನೋಡಲು ಬಂದಿದ್ದ. "ಶನಿವಾರ ನಿಮ್ಮ ಮಗಳನ್ನ ಸ್ಟ್ಯಾಂಡಲ್ಲಿ ಕಂಡ ಹಾಗಾಯ್ತು" ಎಂದ. ನಾನು ನಕ್ಕುಬಿಟ್ಟೆ, ನನ್ನ ನಗೆಗೆ ಈಗ ಸದ್ದಿಲ್ಲ. "ಅವಳೇ ಆಗಿದ್ದರೆ ಮನೆಗೆ ಬಾರದೆ ಹೋಗ್ತಾಳಾ" ಎಂದು ಬರೆದು ತೋರಿಸಿದೆ. ಅವನೂ ಹೌದಲ್ಲ ಎಂದ. ಅದೇ ದಿನ ಮಧ್ಯಾಹ್ನ ಅವಳ ಫೋನೂ ಬಂದಿತ್ತು. ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಬಡಿದು ಬಡಿದು ನಿಂತಿತು. ಡ್ಯೂಟಿಯಲ್ಲಿದ್ದೇನೆ ಎಂದು ಎಂದಿನಂತೆ ಮೆಸೇಜು ಹಾಕಿದೆ.

ಮೇಡಂ, ಧೈರ್ಯ ಕಡಿಮೆಯಾಗುತ್ತಿದೆ. ಡಿಸೆಂಬರ್‌ವರೆಗೆ ಎಂದ ಡಾಕ್ಟರು ಈಗ ತಿಂಗಳ ಹೆಸರೇ ಹೇಳುತ್ತಿಲ್ಲ. ಮೈಕಿನಲ್ಲಿ ಒಮ್ಮೆ ಹೇಳಿದ್ದನ್ನು ನಾನು ಬದಲಿಸಿದವನಲ್ಲ, ಆದರೆ ಈಗ ಬದಲಿಸುತ್ತೇನೆ. ಪರೀಕ್ಷೆ ಹಾಳಾಗಿ ಹೋಗಲಿ. ಅವಳಿಗೆ ಎಲ್ಲ ಹೇಳಿ ಕಳಿಸಿಕೊಡಿ. ನನಗೆ ಅವಳನ್ನು ನೋಡಬೇಕು. ಮನೆಯ ಫೋನ್ ನಂಬರು, ಅಕ್ಕನದು, ಈ ಕಾಗದದ ಬೆನ್ನಿಗೆ ಬರೆದಿದ್ದೇನೆ.

ಪಿಟೀಲಿನ ಅಪ್ಪ

*

ಅಕ್ಟೋಬರ್ 31

ಮಾನ್ಯರೇ,

ಈ ಪತ್ರ ತಲುಪುವುದಕ್ಕಿಂತ ಬಹಳ ಮೊದಲೇ ನಿಮ್ಮ ಮಗಳು ನಿಮ್ಮ ಪಕ್ಕದಲ್ಲಿ ಕೂತಿರುತ್ತಾಳೆ. ನಾನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಿಮ್ಮ ಅಕ್ಕ ನಿಮಗೆ ಹೇಳಿಯೂ ಇರುತ್ತಾರೆ. ಆದರೂ ನನ್ನ ಕೈಯಿಂದಲೇ ಬರೆಯಬೇಕು.

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಬಂತು. ಎರಡು ಗುರುವಾರಗಳಿಂದ ಅವಳು ನನ್ನ ಕೋಣೆಗೆ ಬಂದಿರಲಿಲ್ಲ. ಊರಲ್ಲೇ ಉಳಿದಿದ್ದಾಳೆ, ಒಳ್ಳೆಯದಾಯಿತು ಎಂದುಕೊಂಡಿದ್ದೆ. ಪತ್ರ ಓದಿ ಗೇಟು ದಾಟಿ ಓಡಿದೆ. ಜೆರಾಕ್ಸ್ ಯಂತ್ರದ ಹಿಂದೆ ನಿಂತಿದ್ದಳು.

ಟಿಕೆಟ್ ಕೊಡುವವರು ಕಂಡದ್ದು ಅವಳನ್ನೇ. ಶನಿವಾರ ಬಸ್ಸಿಂದ ಇಳಿದಾಗ ಮೊದಲು ಕೇಳಿದ್ದು ನಿಮ್ಮ ದನಿ. ಅಪ್ಪ ಚೆನ್ನಾಗಿದ್ದಾರೆ, ಕೆಲಸದಲ್ಲಿದ್ದಾರೆ ಎಂದುಕೊಂಡಳು. ನಿಲ್ದಾಣದಲ್ಲಿ ನಿಮ್ಮ ಮೈಕಿನ ಕೋಣೆಯ ಬಾಗಿಲಿನವರೆಗೂ ಹೋಗಿದ್ದಾಳೆ. ಕದ ತಟ್ಟಲು ಧೈರ್ಯ ಸಾಲದೆ ಅಲ್ಲಿಂದಲೇ ಫೋನ್ ಮಾಡಿದಳು. ನೀವು ಎತ್ತಲಿಲ್ಲ. ಅದು ನಿಂತ ಕೂಡಲೇ ಒಳಗಿಂದ ನಿಮ್ಮ ದನಿ ಇನ್ನೊಂದು ಬಸ್ಸಿನ ಹೆಸರು ಹೇಳಿತು. ಆಮೇಲೆ ನಿಮ್ಮ ಮೆಸೇಜು ಬಂತು. "ಊರಿಗೆಲ್ಲ ಮಾತಾಡ್ತಾರೆ ಮೇಡಂ, ನನ್ನ ಹತ್ರ ಮಾತ್ರ ಆಗಲ್ಲ" ಎಂದಳು.

ಆ ದನಿ ನಿಲ್ದಾಣದಲ್ಲಿ ಇನ್ನೂ ಇದೆ ಎಂದು ನೀವು ನನಗೆ ಬರೆದಿದ್ದಿರಿ. ಅವಳನ್ನು ಕಳಿಸುವಾಗ ನನಗೆ ಅದು ಹೊಳೆಯಲೇ ಇಲ್ಲ. ಅರ್ಧ ಹೇಳಿ ಕಳಿಸಿದೆ.

ಅವಳು ಫೆಬ್ರವರಿಯಿಂದ ತರಗತಿಗೆ ಹೋಗಿಲ್ಲ. ನವೆಂಬರ್‌ನಲ್ಲಿ ಪರೀಕ್ಷೆ ಇರಲಿಲ್ಲ. ಅದನ್ನು ನಿಮಗೆ ಹೇಳಬೇಡಿ ಎಂದು ಅವಳು, ನಿಮ್ಮದನ್ನು ಅವಳಿಗೆ ಹೇಳಬೇಡಿ ಎಂದು ನೀವು. ಇಬ್ಬರ ಮಾತನ್ನೂ ಉಳಿಸಿದೆ. ಜೂನ್‌ನಿಂದ ಅವಳು ನಿಮ್ಮ ಜೊತೆ ಇರಬಹುದಿತ್ತು.

ಇವತ್ತು ಅಂಗಡಿಯಲ್ಲೇ ಎಲ್ಲ ಹೇಳಿದೆ. ಏಪ್ರನ್ನನ್ನೂ ಬಿಚ್ಚದೆ ಬಸ್ಸಿಗೆ ಹೋದಳು. ನಾಳೆ ಬೆಳಿಗ್ಗೆ ಅಲ್ಲಿರುತ್ತಾಳೆ.

ವಿದ್ಯಾರ್ಥಿ ಕ್ಷೇಮಾಧಿಕಾರಿ

*

ನವೆಂಬರ್ 16

ಮೇಡಂ,

ಅಪ್ಪನಿಗೆ ನೀವು ಬರೆದ ಕೊನೆಯ ಪತ್ರ ಮೊನ್ನೆ ಬಂತು. ಒಡೆದು ಓದಿದೆ. ಅದಕ್ಕೇ ಉತ್ತರ.

ನಾನು ಇಳಿದಾಗ ಬೆಳಗಾಗುತ್ತಿತ್ತು. ಮೇಲಿನಿಂದ ಅಪ್ಪನ ದನಿ ಬರುತ್ತಿತ್ತು. ಈ ಸಲ ನಾನು ಮೋಸ ಹೋಗಲಿಲ್ಲ, ಮನೆಗೇ ಓಡಿದೆ. ಮನೆಯ ಮುಂದೆ ಜನ ಇದ್ದರು. ಅತ್ತೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಪ್ಪನ ಕೈ ಇನ್ನೂ ಬೆಚ್ಚಗಿತ್ತು.

ನಿಮ್ಮ ಮೇಲೆ ಕೋಪವಿದೆ. ಸುಳ್ಳು ಹೇಳುವುದಿಲ್ಲ. ನೀವು ಕೆಟ್ಟವರಾಗಿದ್ದರೆ ಇದು ಸುಲಭವಾಗುತ್ತಿತ್ತು. ಸಹಿ ಆಗಿ ಬಂದಿರುವ ಜನವರಿಯ ಸೀಟಿನ ವಿಷಯ ಈಗ ಕೇಳಬೇಡಿ. ಅಪ್ಪ ನಿಮಗೆ ಬರೆಯಲು ಬಳಸುತ್ತಿದ್ದ ಪೆನ್ನಿನಲ್ಲೇ ಬರೆಯುತ್ತಿದ್ದೇನೆ, ಬೇರೆ ಸಿಗಲಿಲ್ಲ.

ನೀವು ಫೋನಿನಲ್ಲಿ ಹೇಳಿದ್ದನ್ನು ಅತ್ತೆ ಅವತ್ತು ಸಂಜೆಯೇ ಅಪ್ಪನ ಕಿವಿಯ ಹತ್ತಿರ ಕೂತು ಒಂದೊಂದಾಗಿ ಹೇಳಿದ್ದಾರೆ. ಮೊದಲು ನನ್ನ ಓದಿನ ವಿಷಯ. ನಾನು ಒಂಬತ್ತು ತಿಂಗಳಿಂದ ಹೆದರಿ ಸಾಯುತ್ತಿದ್ದ ವಿಷಯ. ಅಪ್ಪ ನೊಣ ಓಡಿಸಿದ ಹಾಗೆ ಕೈ ಆಡಿಸಿದರಂತೆ. "ಅಯ್ಯೋ ಅಷ್ಟೇನಾ ಅನ್ನೋ ಥರ ಮಾಡ್ದ ಕಣೇ, ಮುಂದೆ ಹೇಳು ಅಂತ ಸನ್ನೆ ಮಾಡ್ದ" ಎಂದರು ಅತ್ತೆ.

ಆಮೇಲೆ ನಾನು ಶನಿವಾರ ನಿಲ್ದಾಣಕ್ಕೆ ಬಂದು ದನಿ ಕೇಳಿ ವಾಪಸ್ಸು ಹೋದದ್ದನ್ನು ಹೇಳಿದ್ದಾರೆ. ಅಪ್ಪ ಕಣ್ಣು ಮುಚ್ಚಿಕೊಂಡರಂತೆ. ಮಲಗಿದರೇನೋ ಎಂದುಕೊಂಡು ಅತ್ತೆ ಎದ್ದಿದ್ದಾರೆ. ಆಗ ಹಲಗೆ ಬೇಕೆಂದು ಕೈ ತೋರಿಸಿದರು. ಬರೆದದ್ದು ಒಂದೇ ಸಾಲು. ಅತ್ತೆಗೆ ಅದು ಯಾಕೆಂದು ಅರ್ಥವಾಗಲಿಲ್ಲ, ನಿದ್ದೆಗಣ್ಣಿನಲ್ಲಿ ಏನೋ ಗೀಚಿದ್ದಾನೆ ಎಂದುಕೊಂಡು, ಬೆಳಿಗ್ಗೆ ಅವಳೇ ಬರ್ತಾಳಲ್ಲ, ಅವಳನ್ನೇ ಕೇಳು ಎಂದರಂತೆ. ಅಪ್ಪ ತಲೆಯಾಡಿಸಿದರಂತೆ. ಹಲಗೆಯನ್ನು ನನಗೆಂದೇ ಎದೆಯ ಮೇಲಿಟ್ಟುಕೊಂಡು ಮಲಗಿದರು. ಅತ್ತೆ ಅದನ್ನು ಇನ್ನೂ ಒರೆಸಿಲ್ಲ.

ಅದರಲ್ಲಿ, "ಯಾವ ಬಸ್ಸಿಗೆ ಹೋದಳು?" ಎಂದಿದೆ.

ಅತ್ತೆಗೆ ಅರ್ಥವಾಗದಿದ್ದರೂ ನನಗೆ ನೋಡಿದ ಕೂಡಲೇ ಅರ್ಥವಾಯಿತು. ಅಪ್ಪನಿಗೆ ತನ್ನ ಎಲ್ಲ ಬಸ್ಸುಗಳೂ ಬಾಯಿಪಾಠ. ಯಾವ ಬಸ್ಸು ಎಂದು ತಿಳಿದರೆ, ತನ್ನ ದನಿ ನನಗೆ ಕೊನೆಗೆ ಏನು ಹೇಳಿತು ಎನ್ನುವುದೂ ತಿಳಿಯುತ್ತದೆ.

ಆ ಸಾಲಿನ ಕೆಳಗೆ ಬಳಪದಲ್ಲಿ, ಸಂಜೆಯ ಬಸ್ಸು, ಅಪ್ಪ ಎಂದು ಬರೆದಿದ್ದೇನೆ. ಆ ಶನಿವಾರ ಮಧ್ಯಾಹ್ನವೂ ಒಂದಿತ್ತು, ಅದಕ್ಕೆ ಹತ್ತಲಿಲ್ಲ. ಅಪ್ಪನ ಕೋಣೆಯ ಎದುರಿನ ಬೆಂಚಿನಲ್ಲಿ ಕೂತೇ ಇದ್ದೆ. ಬಾಗಿಲು ತೆಗೆದು ಹೊರಗೆ ಬರುತ್ತಾರೇನೋ ಎಂದು. ಕತ್ತಲಾಗುವ ಹೊತ್ತಿಗೆ ನನ್ನ ಬಸ್ಸಿನ ಸರದಿ ಬಂತು. ಪ್ರಯಾಣಿಕರ ಗಮನಕ್ಕೆ ಎಂದು ಅಪ್ಪ ಶುರು ಮಾಡಿದರು. ಮೂರನೇ ಅಂಕಣ ಎಂದರು, ಹೊರಡಲು ಸಿದ್ಧವಾಗಿದೆ ಎಂದರು, ಬೇಗ ಹತ್ತಿಕೊಳ್ಳಿ ಎಂದರು. ಪೂರ್ತಿ ಕೇಳಿಸಿಕೊಂಡೆ. ಅಪ್ಪ ಹೇಳಿ ಮುಗಿಸುವವರೆಗೂ ಕೂತಿದ್ದು, ಆಮೇಲೆ ಎದ್ದು ಹತ್ತಿದೆ.